ಊರಿಗೆ ಬಂದ ಟ್ರಂಕು, ಊರು ನಿಲ್ಲಿಸುವ ಕಲ್ಲು

ಓದುಗರ ಪ್ರಶ್ನೆ – ನಮ್ಮ ಉತ್ತರ

ಜುಲೈ 26ರ ಕಾರ್ಗಿಲ್ ವಿಜಯ ದಿವಸ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಯೋಧರ ಮನೆಯವರದೂ ಅವರ ಊರಿನವರದೂ ಹೆಚ್ಚುತ್ತವೆ. ಅವುಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಜಿಲ್ಲೆಯನ್ನಷ್ಟೇ ಉಳಿಸಿಕೊಂಡಿದ್ದೇವೆ.

ತಮ್ಮ ತೀರಿಕೊಂಡ ಎರಡು ತಿಂಗಳಿಗೆ ಯೂನಿಟ್‌ನಿಂದ ಅವನ ಟ್ರಂಕು ಬಂತು. ಸಮವಸ್ತ್ರ, ಎರಡು ಪದಕ, ಒಂದಷ್ಟು ಫೋಟೊ, ಮೊಬೈಲು ಅದರಲ್ಲಿವೆ. ಅಂಗಿ ಒಗೆಯಲು ಅಮ್ಮ ಬಿಡುತ್ತಿಲ್ಲ. ನಮ್ಮಲ್ಲಿ ಮಳೆಗಾಲ ಹಿಡಿದರೆ ಬಟ್ಟೆಗೆ ಬೂಸ್ಟು ಬರುವುದು ಖಂಡಿತ. ಏನು ಮಾಡಲಿ? (ಚಿಕ್ಕಮಗಳೂರು ಜಿಲ್ಲೆ)

ಅಮ್ಮ ಹೇಳುವುದು ಸರಿ. ಒಗೆಯಬೇಡಿ. ಆ ಅಂಗಿಯಲ್ಲಿ ಅವರಿಗೆ ಬೇಕಾಗಿರುವುದು ಮಗನ ಮೈವಾಸನೆ. ಒಂದು ಸಲ ಸೋಪಿನ ನೀರಿಗೆ ಬಿದ್ದರೆ ಅದು ಮತ್ತೆ ಸಿಗುವುದಿಲ್ಲ. ಒಂದು ಅಂಗಿಯನ್ನು ಅವರಿಗೆಂದೇ ಬೇರೆ ತೆಗೆದಿಡಿ. ಅದನ್ನು ಮುಟ್ಟಲಿ, ತಲೆದಿಂಬಿನ ಪಕ್ಕ ಇಟ್ಟುಕೊಳ್ಳಲಿ, ಹಾಳಾದರೂ ಆಗಲಿ. ಹತ್ತಾರು ವರ್ಷ ಉಳಿಸುವ ವ್ಯವಸ್ಥೆ ಮಿಕ್ಕ ಬಟ್ಟೆಗಳಿಗೆ ಸಾಕು.

ಮಳೆ ಹಿಡಿಯುವ ಮುಂಚೆ, ಬಿಸಿಲಿರುವ ದಿನ ನೋಡಿ, ಸಮವಸ್ತ್ರವನ್ನು ನೆರಳಿನಲ್ಲಿ ಗಾಳಿಗೆ ಹರಡಿ. ನೇರ ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಜೇಬುಗಳನ್ನು ನೋಡಿ, ಚೀಟಿ, ಬಸ್ ಟಿಕೆಟ್ ಏನಿದ್ದರೂ ಎಸೆಯದೆ ಒಂದು ಕಾಗದದ ಲಕೋಟೆಗೆ ಹಾಕಿ, ಯಾವ ಜೇಬಿನಲ್ಲಿತ್ತೆಂದು ಮೇಲೆ ಬರೆದಿಡಿ. ಹಳೆಯ ಬಿಳಿ ಹತ್ತಿ ಪಂಚೆಯನ್ನು ಗಂಜಿ ಹಾಕದೆ ಒಗೆದು ಚೆನ್ನಾಗಿ ಒಣಗಿಸಿ, ಅದರಲ್ಲಿ ಸುತ್ತಿ. ಗಂಜಿಯ ಬಟ್ಟೆಗೆ ಬೆಳ್ಳಿಹುಳ ಬರುತ್ತದೆ. ಮಡಿಕೆ ಬೀಳುವ ಕಡೆ ಬಟ್ಟೆಯ ಸುರುಳಿ ಇಟ್ಟು ಮಡಚಿ, ವರ್ಷಕ್ಕೊಮ್ಮೆ ತೆಗೆದು ಬೇರೆ ಗೆರೆಯಲ್ಲಿ ಮಡಚಿ. ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಆ ಗೆರೆಯಲ್ಲೇ ಬಟ್ಟೆ ಸೀಳುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಒಳಗಿನ ತೇವ ಹೊರಗೆ ಹೋಗಲಾರದೆ ಬೂಸ್ಟು ಶುರುವಾಗುವುದೇ ಅಲ್ಲಿ. ಒಣಗಿದ ಬೇವಿನ ಸೊಪ್ಪನ್ನು ಗಂಟು ಕಟ್ಟಿ ಮೂಲೆಗಿಡಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಗೂ ಗುಂಡಿಗೂ ತಾಗದ ಹಾಗೆ ಇರಲಿ. ಟ್ರಂಕನ್ನು ನೆಲಕ್ಕೆ ತಾಗಿಸದೆ, ಎರಡು ಹಲಗೆಯ ಮೇಲೆ, ಹೊರಗೋಡೆಗೆ ಒರಗದಂತೆ ಇಡಿ.

ಪದಕಗಳಿಗೆ ಹುಣಸೆಹಣ್ಣು, ಪಾತ್ರೆ ತೊಳೆಯುವ ಪುಡಿ ಮುಟ್ಟಿಸಬೇಡಿ. ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಸಣ್ಣ ಅಕ್ಷರದಲ್ಲಿ ಸೇವಾ ಸಂಖ್ಯೆ, ಹೆಸರು ಕೆತ್ತಿರುತ್ತದೆ. ಉಜ್ಜಿದಂತೆಲ್ಲ ಮೊದಲು ಅಳಿಯುವುದು ಅದೇ. ಮಂಕಾದರೆ ಮಂಕಾಗಿಯೇ ಇರಲಿ. ಒಣ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿ.

ಫೋಟೊಗಳ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ಅವನ ಜೊತೆ ನಿಂತವರ ಹೆಸರು ನಿಮಗೆ ಗೊತ್ತಿರಲಾರದು. ಯೂನಿಟ್‌ನ ಗೆಳೆಯರು ಮನೆಗೆ ಬಂದಾಗ ಕೂರಿಸಿಕೊಂಡು ಕೇಳಿ ಬರೆಸಿಕೊಳ್ಳಿ. ಅವರ ಬಾಯಿಂದ ನಾಲ್ಕು ಮಾತು ಬರುವುದೂ ಆಗಲೇ.

ಎಲ್ಲಕ್ಕಿಂತ ಮುಂಚೆ ನೋಡಬೇಕಾದದ್ದು ಮೊಬೈಲು. ಇದರಲ್ಲಿ ತಡ ಮಾಡಿದವರು ಆಮೇಲೆ ತುಂಬ ಕೊರಗುತ್ತಾರೆ. 90 ದಿನ ಬಳಕೆಯಿಲ್ಲದ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು, ಆ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ. ಒಂದು ದಿನ ವಾಟ್ಸ್ಯಾಪ್‌ನಲ್ಲಿ ತಮ್ಮನ ಹೆಸರಿನ ಕೆಳಗೆ ಯಾರದೋ ಮುಖ ಕಾಣಿಸಿಕೊಂಡರೆ ಅಮ್ಮನಿಗೆ ಹೇಗಾಗಬಹುದು ಯೋಚಿಸಿ. ಈಗಾಗಲೇ ಎರಡು ತಿಂಗಳಾಗಿದೆ, ಆದ್ದರಿಂದ ಈ ವಾರವೇ ರೀಚಾರ್ಜ್ ಮಾಡಿಸಿ. ಮರಣ ಪ್ರಮಾಣಪತ್ರ, ಸಂಬಂಧ ತೋರಿಸುವ ದಾಖಲೆ ಒಯ್ದು ನಂಬರನ್ನು ಮನೆಯವರೊಬ್ಬರ ಹೆಸರಿಗೆ ವರ್ಗಾಯಿಸಿ. 120 ದಿನ ಬಳಸದ ವಾಟ್ಸ್ಯಾಪ್ ಖಾತೆ ಅಳಿಯುತ್ತದೆ. ಹಾಗೆಂದು ಧ್ವನಿ ಸಂದೇಶಗಳಿಗಾಗಿ ಅವನ ಫೋನನ್ನೇ ಕಾಯಬೇಕಿಲ್ಲ. ಅವನು ನಿಮಗೆ ಕಳಿಸಿದ್ದು ನಿಮ್ಮ ಫೋನಿನಲ್ಲೇ ಇದೆ. ಚಾಟ್ ತೆರೆದು 'ಎಕ್ಸ್‌ಪೋರ್ಟ್ ಚಾಟ್' ಒತ್ತಿ, ಮೀಡಿಯಾ ಸಮೇತ ಎಂದು ಆರಿಸಿ ಕಂಪ್ಯೂಟರಿಗೆ ಇಳಿಸಿ. ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. ಅವನ ಫೋನಿನ ಲಾಕ್ ಗೊತ್ತಿಲ್ಲದಿದ್ದರೆ ಊಹಿಸಿ ಒತ್ತುತ್ತ ಹೋಗಬೇಡಿ. ಅಂಗಡಿಯವರು 'ರೀಸೆಟ್ ಮಾಡಿ ಕೊಡ್ತೀನಿ' ಎಂದರೆ ಬೇಡವೆನ್ನಿ, ಫೋನು ತೆರೆಯುತ್ತದೆ ಆದರೆ ಒಳಗೆ ಏನೂ ಉಳಿದಿರುವುದಿಲ್ಲ. ಎರಡು ವರ್ಷ ಯಾರೂ ತೆರೆಯದ ಗೂಗಲ್ ಖಾತೆಯೂ ಅದರೊಳಗಿನ ಫೋಟೊಗಳೂ ಅಳಿಯಬಹುದು, ಅದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

ನಮ್ಮೂರ ಯೋಧ ಕಾಶ್ಮೀರದಲ್ಲಿ ವೀರಮರಣ ಹೊಂದಿ ಎರಡು ವರ್ಷವಾಯಿತು. ಯುವಕ ಸಂಘದವರು ಒಂದೂವರೆ ಲಕ್ಷ ಕೂಡಿಸಿದ್ದೇವೆ. ರಸ್ತೆ ಸರ್ಕಲ್ಲಿನಲ್ಲಿ ಮೂರ್ತಿ ಕೂರಿಸಬೇಕೆಂದು ಒಂದು ಗುಂಪು. ಗುಡಿಯ ಹಿಂದೆ ಹಳೆಯ ವೀರಗಲ್ಲೊಂದು ಬಿದ್ದಿದೆ, ಅದರ ಮೇಲೇ ಹೆಸರು ಕೆತ್ತಿಸೋಣ ಎಂದು ಹಿರಿಯರು. ಯಾವುದು ಸರಿ? (ಹಾವೇರಿ ಜಿಲ್ಲೆ)

ಎರಡೂ ಬೇಡ.

ಸಾರ್ವಜನಿಕ ರಸ್ತೆ, ಪಾದಚಾರಿ ದಾರಿಗಳಲ್ಲಿ ಮೂರ್ತಿ ನಿಲ್ಲಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಆದೇಶಿಸಿದೆ. ರಾತ್ರೋರಾತ್ರಿ ಕೂರಿಸಿ, ಆಮೇಲೆ ಅಧಿಕಾರಿಗಳು ತೆಗೆಸಲು ಬಂದರೆ ಆ ಮನೆಯವರು ಎರಡನೇ ಸಲ ಕಣ್ಣೀರು ಹಾಕಬೇಕಾಗುತ್ತದೆ. ಇನ್ನೊಂದು ಮಾತು: ಕಡಿಮೆ ಹಣದ ಸಿಮೆಂಟ್ ಮೂರ್ತಿಯಲ್ಲಿ ಮುಖ ಹೋಲುವುದು ಅಪರೂಪ. ಹೆತ್ತ ತಾಯಿ ದಿನಾ ಆ ದಾರಿಯಲ್ಲಿ ಓಡಾಡುತ್ತ ಮಗನ ಹೆಸರಿನ ಮೇಲೆ ಅಪರಿಚಿತನ ಮುಖ ನೋಡಬೇಕೆ?

ಹಳೆಯ ವೀರಗಲ್ಲನ್ನು ಮುಟ್ಟಬೇಡಿ. ಅದೂ ಒಬ್ಬ ಸತ್ತವನ ಕಲ್ಲೇ. ಸಾಮಾನ್ಯವಾಗಿ ಅದರಲ್ಲಿ ಮೂರು ಹಂತ ಇರುತ್ತದೆ. ಕೆಳಗೆ ಕಾಳಗ, ನಡುವೆ ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ವೀರ, ತುದಿಯಲ್ಲಿ ಸೂರ್ಯಚಂದ್ರರು. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತವನೋ, ಊರಳಿವಿನಲ್ಲಿ ಹೋರಾಡಿ ಸತ್ತವನೋ, ಹೆಣ್ಣುಮಕ್ಕಳ ಮೊರೆ ಕೇಳಿ ಓಡಿದವನೋ, ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರವಿದ್ದರೆ ತಿಳಿಯುತ್ತದೆ. ಅದಕ್ಕೆ ಸುಣ್ಣ, ಬಣ್ಣ, ಎಣ್ಣೆ ಬಳಿಯಬೇಡಿ, ಅಕ್ಷರದ ಅಂಚು ಮುಚ್ಚಿಹೋಗುತ್ತದೆ. ಓರೆ ಬೆಳಕಿನಲ್ಲಿ ಫೋಟೊ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಅವರನ್ನು ಕೇಳಿಯೇ ಎತ್ತಿ ನಿಲ್ಲಿಸಿ.

ಹೊಸ ಕಲ್ಲು ಹೊಸದಾಗಿಯೇ ಇರಲಿ. ಜಾಗ ಶಾಲೆಯ ಅಂಗಳವೋ ಪಂಚಾಯಿತಿ ಕಟ್ಟಡದ ಮುಂದೆಯೋ ಆಗಲಿ, ಗ್ರಾಮ ಪಂಚಾಯಿತಿ ಠರಾವು ಬರಹದಲ್ಲಿರಲಿ. ಆರಡಿ ಎತ್ತರ, ಎರಡಡಿ ಅಗಲ, ಅರ್ಧ ಅಡಿ ದಪ್ಪದ ಗ್ರಾನೈಟ್ ಸಾಕು. ಅದರಲ್ಲಿ ಎರಡಡಿ ನೆಲದೊಳಗೆ. ಅಂಥ ಕಲ್ಲು ಸುಮಾರು 450 ಕಿಲೋ ತೂಗುತ್ತದೆ. ಹುಡುಗರೆಲ್ಲ ಸೇರಿ ಎತ್ತುತ್ತೇವೆ ಎಂದು ಹೊರಡಬೇಡಿ, ಚೈನ್ ಪುಲ್ಲಿಯೋ ಜೆಸಿಬಿಯೋ ತರಿಸಿ. ನಿಮ್ಮ ಕಡೆಯ ಎರೆ ಭೂಮಿಯದು ಬೇರೆಯೇ ಕಷ್ಟ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನೆಟ್ಟ ಕಲ್ಲು ಎರಡು ಮಳೆಗಾಲಕ್ಕೆ ವಾಲುವುದು ಇದರಿಂದಲೇ. ನಾಲ್ಕೈದು ಅಡಿ ಆಳಕ್ಕೆ, ಸುತ್ತ ಎರಡಡಿ ಹೆಚ್ಚು ಅಗಲಕ್ಕೆ ಎರೆ ಮಣ್ಣು ತೆಗೆದುಹಾಕಿ, ಗರಸು ತುಂಬಿ, ಅರ್ಧರ್ಧ ಅಡಿಗೆ ನೀರು ಹಾಕಿ ಕುಟ್ಟಿ, ಅದರ ಮೇಲೆ ಕಾಂಕ್ರೀಟಿನ ತಳ ಹಾಕಿ. ಏಳು ದಿನ ನೀರುಣಿಸಿದ ಮೇಲೆ ಕಲ್ಲು ನಿಲ್ಲಿಸಿ. ತಲೆ ಸ್ವಲ್ಪ ಇಳಿಜಾರಾಗಿರಲಿ, ನೀರು ನಿಲ್ಲಬಾರದು.

ಅಕ್ಷರಕ್ಕೆ ಹೆಚ್ಚು ಸಮಯ ಕೊಡಿ. ಸೇವಾ ಸಂಖ್ಯೆ, ಹುದ್ದೆ, ಹೆಸರು, ರೆಜಿಮೆಂಟು, ತಂದೆ-ತಾಯಿಯ ಹೆಸರು, ಹುಟ್ಟಿದ ದಿನ, ವೀರಮರಣದ ದಿನ ಮತ್ತು ಜಾಗ. ಇಷ್ಟನ್ನೂ ಬಾಯಿಮಾತಿನಿಂದ ಬರೆಯದೆ ಮನೆಯಲ್ಲಿರುವ ಸೇನೆಯ ಕಾಗದ ನೋಡಿ ಬರೆಯಿರಿ. ಹೆಚ್ಚಾಗಿ ತಪ್ಪುವುದು ಹುದ್ದೆ: 'ಲ್ಯಾನ್ಸ್ ನಾಯಕ್' ಇದ್ದವರು ಕಲ್ಲಿನ ಮೇಲೆ 'ನಾಯಕ' ಆಗಿಬಿಡುತ್ತಾರೆ. ಅಕ್ಷರ ಒಂದಂಗುಲಕ್ಕಿಂತ ಚಿಕ್ಕದಾಗದಿರಲಿ, ಕೆತ್ತನೆ ಮೂರು ಮಿಲಿಮೀಟರ್ ಆಳ ಇರಲಿ. ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಕೆತ್ತುವ ಮೊದಲು ಅದೇ ಅಳತೆಯ ಕಾಗದದ ಪ್ರಿಂಟನ್ನು ಕಲ್ಲಿಗೆ ಅಂಟಿಸಿ, ಆ ಬರಹ ಬರೆದವರಲ್ಲದ ಇಬ್ಬರಿಂದ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿಸಿ. ಕೇಳಿಸಿಕೊಳ್ಳಲು ಅವನ ತಂದೆ-ತಾಯಿ ಅಥವಾ ಹೆಂಡತಿ ಅಲ್ಲಿರಬೇಕು. ಕೊಡುಗೆ ಕೊಟ್ಟವರ ಪಟ್ಟಿ ಆ ಕಲ್ಲಿನ ಮೇಲೆ ಬೇಡ, ಪಂಚಾಯಿತಿಯ ಗೋಡೆಯಲ್ಲಿರಲಿ. ಕಪ್ಪು ಗ್ರಾನೈಟಿನಲ್ಲಿ ಕೆತ್ತಿದ ಅಕ್ಷರ ತಾನಾಗಿ ಬೂದುಬಣ್ಣದಲ್ಲಿ ಎದ್ದು ಕಾಣುತ್ತದೆ. ಚಿನ್ನದ ಬಣ್ಣ ತುಂಬಿದರೆ ಕೆಲವೇ ವರ್ಷದಲ್ಲಿ ಅರ್ಧಂಬರ್ಧ ಉದುರಿ ಓದಲು ಇನ್ನೂ ಕಷ್ಟ. ದೀಪಕ್ಕೆ, ಹೂವಿಗೆ ಮುಂದೆ ಪುಟ್ಟ ಕಟ್ಟೆ ಕಟ್ಟಿಸಿ. ತಂತಿಯ ಹಾರ ಬೇಡ, ತುಕ್ಕಿನ ಕಲೆ ಕಲ್ಲಿಗಿಳಿಯುತ್ತದೆ. ತೊಳೆಯಲು ನೀರು, ಮೆತ್ತನೆಯ ಬ್ರಷ್ ಸಾಕು, ಆಸಿಡ್ ಬೇಡವೇ ಬೇಡ.

ಕೊನೆಯದಾಗಿ ಹಣದ ಮಾತು. ನಮ್ಮ ಹಿರಿಯರು ಬರೀ ಕಲ್ಲು ನಿಲ್ಲಿಸಿ ಮನೆಗೆ ಹೋದವರಲ್ಲ. ಸತ್ತವನ ಮನೆಯವರಿಗೆ ಹೊಲ ಬಿಟ್ಟುಕೊಟ್ಟರು. ಶಾಸನಗಳಲ್ಲಿ ಅದಕ್ಕೆ ನೆತ್ತರುಗೊಡಗೆ, ಕಲ್ನಾಡು ಎಂಬ ಹೆಸರುಗಳೇ ಇವೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ಕಾಳಗದಲ್ಲಿ ಮೆರೆದವನಿಗೆ ಎರಡು ಊರು ಕೊಟ್ಟದ್ದನ್ನು 'ಬಾಳ್ಗಳ್ಚು' ಎಂದಿದ್ದಾರೆ: ಬಾಳು ಎಂದರೆ ಕತ್ತಿ, ಕತ್ತಿ ತೊಳೆದು ಕೊಡುವ ದತ್ತಿ. ಕಲ್ಲೂ ಕೊಡುಗೆಯೂ ಜೊತೆಗಿದ್ದರೆ ಮಾತ್ರ ಊರಿನ ಋಣ ಪೂರ್ತಿ ಎಂದು ನಮ್ಮ ಅಭಿಪ್ರಾಯ. ಕಲ್ಲಿಗೆ ಬೇಕಾದಷ್ಟು ಖರ್ಚು ಮಾಡಿ, ಉಳಿದದ್ದನ್ನು ಆ ಯೋಧನ ಮಗುವಿದ್ದರೆ ಅದರ ಹೆಸರಿನಲ್ಲಿ ಅಂಚೆ ಕಚೇರಿಯ ಠೇವಣಿಯಾಗಿಡಿ. ಉದ್ಘಾಟನೆಯ ಶಾಮಿಯಾನ, ಫ್ಲೆಕ್ಸಿಗೆ ಅದರಿಂದ ಒಂದು ರೂಪಾಯಿಯೂ ಹೋಗದಿರಲಿ.

ನಮ್ಮ ಪ್ರೌಢಶಾಲೆಯಲ್ಲಿ ಜುಲೈ 26ರಂದು ನಮನ ಕಾರ್ಯಕ್ರಮ. ಊರಿನ ಹುತಾತ್ಮರ ತಾಯಿಯನ್ನು ಕರೆಯುತ್ತಿದ್ದೇವೆ. ಕ್ರಮ ತಿಳಿಸಿ. (ತುಮಕೂರು ಜಿಲ್ಲೆ)

ಇಪ್ಪತ್ತೈದು ನಿಮಿಷ ಮೀರದಿರಲಿ. ಮೊದಲು ಮನೆಗೆ ಹೋಗಿ ಕೇಳಿ: ಬರಲು ಇಷ್ಟವಿದೆಯೇ, ಮಾತಾಡಬೇಕೇ ಸುಮ್ಮನಿರಬೇಕೇ, ಯಾವ ಫೋಟೊ ಇಡೋಣ? ಫೋಟೊ ಅವರೇ ಆರಿಸಲಿ.

ತಾಯಿಯನ್ನು ನೆರಳಿನಲ್ಲಿ, ಜೊತೆಗೊಬ್ಬರನ್ನು ಕೂರಿಸಿ. ಮನೆಯವರು ಪದಕ ಧರಿಸುವುದಾದರೆ ಎದೆಯ ಬಲಭಾಗದಲ್ಲಿ, ಎಡಭಾಗ ಪಡೆದವರದೇ. ಒಬ್ಬ ವಿದ್ಯಾರ್ಥಿ ಹೆಸರು, ಹುದ್ದೆ, ರೆಜಿಮೆಂಟು, ದಿನಾಂಕ ಓದಲಿ. ಹೂವು ಅರ್ಪಿಸಿದ ಮೇಲೆ ಬ್ಯೂಗಲ್‌ನ ವಿದಾಯದ ರಾಗ 'ಲಾಸ್ಟ್ ಪೋಸ್ಟ್', ಎರಡು ನಿಮಿಷ ಮೌನ, ಎಚ್ಚರಿಸುವ ರಾಗ 'ರೌಸ್', ಬಳಿಕ 52 ಸೆಕೆಂಡಿನ ರಾಷ್ಟ್ರಗೀತೆ. ಬ್ಯೂಗಲ್ ಧ್ವನಿಮುದ್ರಣವನ್ನು ಹಿಂದಿನ ದಿನವೇ ಫೋನಿಗೆ ಇಳಿಸಿ, ಫೋನನ್ನು ಫ್ಲೈಟ್ ಮೋಡಿನಲ್ಲಿಡಿ. ಮೌನದ ನಡುವೆ ಜಾಹೀರಾತೋ ಕರೆಯೋ ಬಂದರೆ ಎಲ್ಲವೂ ಹಾಳು. ಮೌನದ ಆರಂಭ, ಮುಕ್ತಾಯಕ್ಕೆ ಒಂದೊಂದು ಗಂಟೆ ಬಾರಿಸಿ, ಗಡಿಯಾರ ನೋಡಿ. ಅಂದಾಜಿಗೆ ಬಿಟ್ಟರೆ ಎರಡು ನಿಮಿಷದ ಮೌನ ಬರೀ ನಲವತ್ತು ಸೆಕೆಂಡಿಗೇ ಮುಗಿಯುತ್ತದೆ.

ಧ್ವಜವನ್ನು ನೀವಾಗಿ ಅರ್ಧಕ್ಕೆ ಇಳಿಸುವಂತಿಲ್ಲ, ಅದಕ್ಕೆ ಸರ್ಕಾರದ ಆದೇಶ ಬೇಕು. ತ್ರಿವರ್ಣದ ಮೇಲೆ ಫೋಟೊ, ಹೆಸರು ಮುದ್ರಿಸಬಾರದು. ಪಟಾಕಿ ಬೇಡ. ನಿವೃತ್ತ ಯೋಧರು ಬರುತ್ತಾರೆ, ಕೆಲವರಿಗೆ ಆ ಸದ್ದು ಸಹಿಸಲಾಗದು.

ಅಳಿಯ ತೀರಿ ಆರು ತಿಂಗಳಾತು. ಮೊಮ್ಮಗಗ ಐದು ವರ್ಷ. 'ಅಪ್ಪ ಡ್ಯೂಟಿಗೆ ಹೋಗ್ಯಾನ' ಅಂತ ಹೇಳೀವಿ. ಈಗ ಬಸ್‌ಸ್ಟ್ಯಾಂಡಿನ್ಯಾಗ ಮಿಲಿಟರಿ ಡ್ರೆಸ್ ಕಂಡ್ರ ಸಾಕು, ಓಡಿ ಹೋಗಿ ಮುಖ ನೋಡ್ತಾನ. ಏನ್ ಹೇಳೂಣ? (ಬಾಗಲಕೋಟೆ ಜಿಲ್ಲೆ)

ಅಮ್ಮಾ, ನಿಜ ಹೇಳುವ ಹೊತ್ತು ಬಂದಿದೆ. ಅವನು ಹುಡುಕುತ್ತಿದ್ದಾನೆ. ಡ್ಯೂಟಿಗೆ ಹೋದ ಅಪ್ಪ ಹಬ್ಬಕ್ಕೂ ಬರಲಿಲ್ಲ, ಫೋನೂ ಮಾಡಲಿಲ್ಲ ಎಂದರೆ 'ನಾನೇ ಏನೋ ತಪ್ಪು ಮಾಡಿರಬೇಕು' ಎಂದು ಮಗು ಅಂದುಕೊಳ್ಳುತ್ತದೆ. ಶಾಲೆಯಲ್ಲಿ ಯಾರೋ ಹುಡುಗ ಒರಟಾಗಿ ಹೇಳುವ ಮೊದಲು ಮನೆಯವರಿಂದಲೇ ಕೇಳಲಿ.

ಹೇಳುವವರು ಅವನ ತಾಯಿಯಾದರೆ ಒಳ್ಳೆಯದು, ನೀವು ಪಕ್ಕದಲ್ಲಿರಿ. ಹಗಲು ಹೊತ್ತಿನಲ್ಲಿ, ಊಟವಾದ ಮೇಲೆ, ಮನೆಯಲ್ಲಿ ಹೇಳಿ. ಮಲಗುವ ಹೊತ್ತಿಗೆ ಬೇಡ. ಮಾತು ಇಷ್ಟೇ: 'ಅಪ್ಪಗ ಡ್ಯೂಟಿಯೊಳಗ ಭಾಳ ಪೆಟ್ಟಾತು. ಡಾಕ್ಟರ್ ಕೈಲೆ ಉಳಸಾಕ ಆಗಲಿಲ್ಲ. ಅಪ್ಪ ಸತ್ತುಹೋದ. ಇನ್ನ ಬರೂದಿಲ್ಲ. ನಿಂದೇನೂ ತಪ್ಪಿಲ್ಲ.' ಸತ್ತ ಎಂಬ ಮಾತನ್ನು ನುಂಗಬೇಡಿ. 'ಮಲಗ್ಯಾನ' ಎಂದರೆ ಮಗು ನಿದ್ದೆಗೆ ಹೆದರುತ್ತದೆ. 'ದೇವರು ಕರಕೊಂಡ' ಎಂದರೆ ಅಮ್ಮನನ್ನೂ ಕರೆದುಕೊಂಡಾನು ಎಂದು ಸೆರಗು ಬಿಡುವುದಿಲ್ಲ.

ಈ ವಯಸ್ಸಿಗೆ ಸಾವು ಮರಳಿ ಬಾರದ್ದು ಎಂಬುದು ಪೂರ್ತಿ ತಿಳಿಯದು. ನಾಳೆ ಮತ್ತೆ 'ಅಪ್ಪ ಯಾವಾಗ ಬರ್ತಾನ?' ಎನ್ನುತ್ತಾನೆ. ಬೇಸರಿಸದೆ ಅದೇ ಮಾತನ್ನೇ ಹೇಳಿ, ಪ್ರತಿ ಸಲ ಬೇರೆ ಕತೆ ಬೇಡ. ಒಂದು ಗಳಿಗೆ ಅತ್ತು ಮರುಗಳಿಗೆ ಆಟಕ್ಕೋಡಿದರೆ ದುಃಖವಿಲ್ಲ ಎಂದಲ್ಲ. ಮಕ್ಕಳ ದುಃಖ ಹಾಗೆಯೇ ಬಿಟ್ಟು ಬಿಟ್ಟು ಬರುತ್ತದೆ. ಹಾಸಿಗೆ ಒದ್ದೆ ಮಾಡುವುದು, ತಾಯಿಯನ್ನು ಬಿಟ್ಟಿರದಿರುವುದು ಕೆಲ ವಾರ ಇರಬಹುದು. ಅಪ್ಪನ ಒಂದು ವಸ್ತು, ಟೋಪಿಯೋ ವಾಚೋ, ಅವನದೆಂದೇ ಕೊಡಿ. ಶಿಕ್ಷಕರಿಗೂ ತಿಳಿಸಿ, ಮತ್ತು ವೇದಿಕೆ ಮೇಲೆ ನಿಲ್ಲಿಸಿ ಸೆಲ್ಯೂಟ್ ಹೊಡೆಸಬೇಡಿ ಎಂದು ಕಡ್ಡಾಯವಾಗಿ ಹೇಳಿ. 'ನೀನೇ ಈಗ ಮನಿ ಯಜಮಾನ' ಎನ್ನುವವರನ್ನೂ ತಡೆಯಿರಿ. ಐದು ವರ್ಷದ ಮಗುವಿಗೆ ಹೊರಿಸುವ ಭಾರವಲ್ಲ ಅದು.

ಅಂತ್ಯಕ್ರಿಯೆಯಲ್ಲಿ ಕೊಟ್ಟ ಧ್ವಜವನ್ನು ಹೇಗೆ ಇಡಬೇಕು? (ಮಂಡ್ಯ ಜಿಲ್ಲೆ)

ಅಡ್ಡಲಾಗಿ ಹಿಡಿದು, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿ ಪಟ್ಟಿಯ ಹಿಂದಕ್ಕೆ ಮಡಚಿ. ಆಮೇಲೆ ಎರಡೂ ತುದಿಯಿಂದ ನಡುವಿಗೆ ತನ್ನಿ. ಮೇಲೆ ಅಶೋಕ ಚಕ್ರ, ಕೇಸರಿ-ಹಸಿರಿನ ಅಂಚು ಮಾತ್ರ ಕಾಣಬೇಕು. ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಿಡಿಸಿ ಗಾಜಿನ ಚೌಕಟ್ಟಿಗೆ ಹಾಕುವುದಾದರೆ ಅಡ್ಡಲಾಗಿ ಕೇಸರಿ ಮೇಲಿರಲಿ, ಉದ್ದಕ್ಕೆ ತೂಗಿಸಿದರೆ ಕೇಸರಿ ನೋಡುವವರ ಎಡಕ್ಕೆ ಬರಲಿ. ಬಿಸಿಲು ಬೀಳುವ ಗೋಡೆ ಬೇಡ. ಅದರ ಮೇಲೆ ಹೆಸರು, ದಿನಾಂಕ ಬರೆಯಬಾರದು; ಚೀಟಿಯಲ್ಲಿ ಬರೆದು ಜೊತೆಗಿಡಿ. ಆಗಸ್ಟ್ 15ಕ್ಕೆ ಹಾರಿಸಲು ಬೇರೆ ಧ್ವಜ ತನ್ನಿ. ಇದು ಗಾಳಿಗೆ ಹರಿಯಬಾರದು.

ಮಗ ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕಿ ತೀರಿಕೊಂಡ. 'ಗುಂಡು ಬಿದ್ದಿಲ್ಲವಲ್ಲ, ಹುತಾತ್ಮ ಹೇಗಾಗ್ತಾನೆ?' ಎಂದು ನೆಂಟರೊಬ್ಬರು ಅಂದರು. ಆ ಮಾತು ಮರೆಯಲಾಗುತ್ತಿಲ್ಲ. (ಹಾಸನ ಜಿಲ್ಲೆ)

ಆ ನೆಂಟರಿಗೆ ಗೊತ್ತಿಲ್ಲ. 1984ರಲ್ಲಿ ಸೇನೆ ಆ ಹಿಮನದಿಯನ್ನು ವಶಕ್ಕೆ ತೆಗೆದುಕೊಂಡ ಆಪರೇಷನ್ ಮೇಘದೂತದಿಂದ ಇಲ್ಲಿಯವರೆಗೆ ಸಿಯಾಚಿನ್‌ನಲ್ಲಿ ಶತ್ರುವಿನ ಗುಂಡಿಗಿಂತ ಹಿಮ, ಚಳಿ, ಎತ್ತರವೇ ಹೆಚ್ಚು ಯೋಧರನ್ನು ತೆಗೆದುಕೊಂಡಿದೆ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಆರು ದಿನ ಹಿಮದಡಿ ಜೀವ ಹಿಡಿದಿದ್ದರು, 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅವರಿಗೂ ಗುಂಡು ಬಿದ್ದಿರಲಿಲ್ಲ. ನಾಡೆಲ್ಲ ಅವರಿಗಾಗಿ ಅತ್ತಿತು.

ಸೇನೆಯ ಕಾಗದದಲ್ಲಿ 'ಹುತಾತ್ಮ' ಎಂಬ ವರ್ಗವೇ ಇಲ್ಲ. ಅಲ್ಲಿರುವುದು 'ಬ್ಯಾಟಲ್ ಕ್ಯಾಶುಯಲ್ಟಿ' (ಕಾರ್ಯಾಚರಣೆಯಲ್ಲಾದ ಸಾವುನೋವು), 'ಫಿಸಿಕಲ್ ಕ್ಯಾಶುಯಲ್ಟಿ' (ಉಳಿದ ಬಗೆಯ ಸಾವುನೋವು) ಎಂಬ ವಿಂಗಡಣೆ. ಜನರ ಮಾತಿಗಿಂತ ನೀವು ನೋಡಬೇಕಾದದ್ದು ಅದನ್ನು. ಪಿಂಚಣಿ ನಿಂತಿರುವುದು ಅದರ ಮೇಲೆ: ಬ್ಯಾಟಲ್ ಕ್ಯಾಶುಯಲ್ಟಿಗೆ ಸಿಗುವ ಲಿಬರಲೈಸ್ಡ್ ಕುಟುಂಬ ಪಿಂಚಣಿ ಕೊನೆಯ ವೇತನದಷ್ಟೇ ಬರುತ್ತದೆ, ಸೇವೆಯ ಕಾರಣದಿಂದಾದ ಫಿಸಿಕಲ್ ಕ್ಯಾಶುಯಲ್ಟಿಗೆ ಸಿಗುವ ವಿಶೇಷ ಕುಟುಂಬ ಪಿಂಚಣಿ ಆ ವೇತನದ ಶೇಕಡ 60. ಪತ್ರದಲ್ಲಿ ಏನು ಬರೆದಿದೆ ನೋಡಿ, ಅನುಮಾನವಿದ್ದರೆ ಪ್ರತಿಗಳೊಂದಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಅವರು ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಲು ನೆರವಾಗುತ್ತಾರೆ. ಮೂಲ ಕಾಗದ ಯಾರ ಕೈಗೂ ಕೊಡಬೇಡಿ, ಮಧ್ಯವರ್ತಿಗಂತೂ ಬೇಡವೇ ಬೇಡ.

ದೆಹಲಿಗೆ ಹೋಗುವುದಾದರೆ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರವನ್ನು ನೋಡಿ. ಒಂದೊಂದು ಗ್ರಾನೈಟ್ ಫಲಕದ ಮೇಲೆ ಒಬ್ಬೊಬ್ಬರ ಹೆಸರು, ಕೈಗೆಟುಕುವ ಹಾಗೆ. ಸಂಜೆ ಯೋಧರೊಬ್ಬರ ಮನೆಯವರಿಂದ ಪುಷ್ಪಚಕ್ರ ಇರಿಸುವ ಕ್ರಮವೂ ಅಲ್ಲಿದೆ.

ಯಜಮಾನರು ಹೋಗಿ ಒಂದೂವರೆ ವರ್ಷ. ಜನವರಿ 26ಕ್ಕೆ ವೇದಿಕೆ ಮೇಲೆ ಕೂರಿಸಿ ಶಾಲು ಹೊದಿಸುತ್ತಾರೆ. ಅದೇ ಜನ ಮನೆಯ ಅರಿಶಿನ-ಕುಂಕುಮಕ್ಕೆ ಕರೆಯುವುದಿಲ್ಲ. ಅವರು ಹೋದ ತಾರೀಖು ಹತ್ತಿರ ಬಂದಂತೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ. (ಬೆಳಗಾವಿ ಜಿಲ್ಲೆ)

ತಂಗಿ, ನಿಮ್ಮ ಕಾಗದದ ಮೊದಲರ್ಧ ಊರಿನವರಿಗೆ ಹೋಗಬೇಕಾದದ್ದು, ಅದಕ್ಕೇ ಅಚ್ಚು ಹಾಕಿದ್ದೇವೆ. ಶಾಲು ಹೊದಿಸುವ ಕೈಗಳೇ ಕುಂಕುಮ ಕೊಡಲು ಹಿಂಜರಿದರೆ ಆ ಶಾಲಿಗೆ ಬೆಲೆಯಿಲ್ಲ. ಕುಂಕುಮ, ಬಳೆ, ಹೂವು ಇಟ್ಟುಕೊಳ್ಳುವುದು ಬಿಡುವುದು ನಿಮ್ಮೊಬ್ಬರ ತೀರ್ಮಾನ. ವೇದಿಕೆಗೆ 'ಈ ಸಲ ಬರುವುದಿಲ್ಲ' ಎನ್ನುವ ಹಕ್ಕೂ ನಿಮ್ಮದೇ, ಕಾರಣ ಹೇಳಬೇಕಿಲ್ಲ.

ತಾರೀಖು ಹತ್ತಿರವಾದಾಗ ನಿದ್ದೆ ಕೆಡುವುದು ಬಹಳ ಮಂದಿಗಾಗುತ್ತದೆ, ಮನಸ್ಸಿಗಿಂತ ಮುಂಚೆ ಮೈಗೆ ನೆನಪಾಗುತ್ತದೆ. ಆ ದಿನ ಏನು ಮಾಡುವಿರೆಂದು ಹದಿನೈದು ದಿನ ಮೊದಲೇ ಒಂದೇ ಒಂದು ಕೆಲಸ ಗೊತ್ತುಮಾಡಿಕೊಳ್ಳಿ: ಅವರಿಗಿಷ್ಟದ ಅಡುಗೆ ಮಾಡಿ ನಾಲ್ವರಿಗೆ ಬಡಿಸುವುದೋ, ಗಿಡ ನೆಡುವುದೋ. ಫೋನು ಅಣ್ಣನ ಕೈಗೆ ಕೊಡಿ. ಟಿವಿ ಹಚ್ಚಬೇಡಿ, ಹಳೆಯ ದೃಶ್ಯಗಳನ್ನು ಮತ್ತೆ ತೋರಿಸುತ್ತಾರೆ.

ಆದರೆ ಇದನ್ನು ಗಮನಿಸಿ: ತಾರೀಖು ಕಳೆದ ಮೇಲೂ ದಿನವಿಡೀ ಹಂಬಲ, ಅವರು ಇಲ್ಲವೆಂಬುದನ್ನು ಒಪ್ಪಲಾಗದಿರುವುದು, ಮಕ್ಕಳ ಕೆಲಸಕ್ಕೂ ಕೈ ಏಳದಿರುವುದು, ಬದುಕೇ ಬೇಡವೆನಿಸುವುದು ಇದ್ದರೆ ಅದು ಚಿಕಿತ್ಸೆಯಿಂದ ಹಗುರವಾಗುವ ಸ್ಥಿತಿ. ಆರು ತಿಂಗಳು ಮೀರಿ ಹೀಗೇ ಉಳಿದರೆ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದಕ್ಕೆ ಬೇರೆಯೇ ಹೆಸರಿದೆ. ನಿಮ್ಮ ಕೈಲಾಗದತನ ಅಲ್ಲ ಅದು. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕೆಂಬ ಯೋಚನೆ ಬಂದರೆ ಬೆಳಗಾಗಲೆಂದು ಕಾಯಬೇಡಿ, ಮನೆಯವರನ್ನು ಎಬ್ಬಿಸಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿದ್ದರೆ ಅದರ ಪಾಲಿಕ್ಲಿನಿಕ್‌ನಲ್ಲಿ ಮನೋವೈದ್ಯರ ಭೇಟಿಗೆ ಚೀಟಿ ಬರೆಸಿಕೊಳ್ಳಬಹುದು.

ಪಕ್ಕದ ಮನೆಯವರು ಮಗನನ್ನು ಕಳೆದುಕೊಂಡು ಮೂರು ತಿಂಗಳು. ಹೋಗಿ ಏನು ಮಾತಾಡಬೇಕೋ ತಿಳಿಯದೆ ಹೋಗಿಲ್ಲ. (ಶಿವಮೊಗ್ಗ ಜಿಲ್ಲೆ)

ಈಗಲೇ ಹೋಗಿ. ಹದಿಮೂರು ದಿನ ಮನೆ ತುಂಬ ಜನ, ಮೂರನೇ ತಿಂಗಳಿಗೆ ಯಾರೂ ಇರುವುದಿಲ್ಲ. 'ದೇಶಕ್ಕಾಗಿ ಸತ್ತ, ಅಳಬೇಡಿ' ಎನ್ನಬೇಡಿ, ಹೆಮ್ಮೆಯೂ ಅಳುವೂ ಒಟ್ಟಿಗೇ ಇರುತ್ತವೆ. ಹುಡುಗನ ಹೆಸರು ಹಿಡಿದು, ನಿಮಗೆ ನೆನಪಿರುವ ಒಂದು ಸಂಗತಿ ಹೇಳಿ: ನಿಮ್ಮ ಮಾವಿನ ಮರಕ್ಕೆ ಕಲ್ಲು ಹೊಡೆದದ್ದೇ ಆಗಲಿ. 'ಏನಾದರೂ ಬೇಕಿದ್ದರೆ ಹೇಳಿ' ಎಂದರೆ ಯಾರೂ ಹೇಳುವುದಿಲ್ಲ. 'ಸೋಮವಾರ ಹತ್ತಕ್ಕೆ ಬ್ಯಾಂಕಿಗೆ ನಾನೂ ಬರುತ್ತೇನೆ, ಕಾಗದ ತೆಗೆದಿಡಿ' ಎನ್ನಿ, ಹತ್ತಕ್ಕೆ ಐದು ನಿಮಿಷ ಮೊದಲೇ ಅವರ ಜಗಲಿಯಲ್ಲಿರಿ.